ಬುಟ್ಟಿಯೊಳಗಿನ ಒಪ್ಪಂದ

ತರಕಾರಿ ಬುಟ್ಟಿಗೂ ಒಂದು ಇತಿಹಾಸವುಂಟೆಂದರೆ ಕೆಲವರು ನಕ್ಕಾರು. ರಾಜಮಹಾರಾಜರ ಕದನ-ಕೌಲುಗಳನ್ನು ಮೂರು ದಶಕ ಬೋಧಿಸಿದ ನನಗೆ, ಬೆಳೆಯುವವರೂ ಉಣ್ಣುವವರೂ ಮಾಡಿಕೊಂಡ ಕರಾರುಗಳೂ ಪಾಠವಾಗಬೇಕಿತ್ತೆಂದು ಈಗೀಗ ಅನ್ನಿಸುತ್ತಿದೆ.

ಅಮೆರಿಕದ ಮೆಸಚೂಸೆಟ್ಸ್ ರಾಜ್ಯದ ಸೌತ್ ಎಗ್ರೆಮಾಂಟಿನಲ್ಲಿ 'ಇಂಡಿಯನ್ ಲೈನ್' ಎಂಬ ಸಣ್ಣ ಕೃಷಿಕ್ಷೇತ್ರ. ಅದರ ಒಡತಿ ರಾಬಿನ್ ವ್ಯಾನ್ ಎನ್, ಸ್ವಿಟ್ಜರ್ಲೆಂಡಿನ ಇಂಥ ತೋಟಗಳ ಅನುಭವವಿದ್ದ ಯಾನ್ ವಾಂಡರ್ ಟುಯಿನ್ ಮೊದಲಾದವರೊಡಗೂಡಿ 1986ರಲ್ಲಿ ತರಕಾರಿಯ 'ಪಾಲು'ಗಳನ್ನು ಹಂಚತೊಡಗಿದರು. ಅದೇ ವರ್ಷ ನ್ಯೂ ಹ್ಯಾಂಪ್‌ಶೈರಿನ ಟೆಂಪಲ್-ವಿಲ್ಟನ್ನಿನಲ್ಲೂ ಇದೇ ತತ್ತ್ವದ ಪ್ರಯೋಗ ಮೊದಲಾಯಿತು. ಜಪಾನಿನಲ್ಲಂತೂ 1970ರ ದಶಕದಲ್ಲೇ, ರಾಸಾಯನಿಕಗಳಿಗೆ ಅಂಜಿದ ಗೃಹಿಣಿಯರು ರೈತರೊಡನೆ 'ತೇಕೇ' ಎಂಬ ನೇರ ಸಂಬಂಧ ಬೆಳೆಸಿದ್ದರು. ಅಮೆರಿಕದ ಕ್ರಮ ಸರಳ: ಬಿತ್ತನೆಗೆ ಮುನ್ನವೇ ಸದಸ್ಯರು ಹಣ ಕೊಡುವರು, ರೈತನು ವಾರಕ್ಕೊಮ್ಮೆ ಬುಟ್ಟಿ ತುಂಬಿಕೊಡುವನು. ಬೆಳೆ ಬಂದರೆ ಇಬ್ಬರಿಗೂ ಸುಗ್ಗಿ; ಕೈಕೊಟ್ಟರೆ ನಷ್ಟವೂ ಇಬ್ಬರದು.

ಈ ಕರಾರಿನ ಪರೀಕ್ಷೆ ನಡುಬೇಸಿಗೆಯಲ್ಲಿ. ನಮ್ಮಲ್ಲಿ ಆರಿದ್ರ ಮಳೆ ಸುರಿಯುವ ದಿನಗಳೇ ಅಲ್ಲಿನ ನಡುಬೇಸಿಗೆ. 2009ರಲ್ಲಿ ಮಗಳ ಮನೆಗೆಂದು ಆ ರಾಜ್ಯಕ್ಕೆ ಹೋದಾಗ, ಅವಳು ಸದಸ್ಯಳಾಗಿದ್ದ ತೋಟದಲ್ಲಿ ಆ ದುಡಿಮೆಯನ್ನು ಕಣ್ಣಾರೆ ಕಂಡೆ. ಬಿಸಿಲೇರುವ ಮುನ್ನ ಸೊಪ್ಪು ಕೊಯ್ಯಬೇಕು. ಜುಕಿನಿಯನ್ನು ಎರಡು ದಿನ ಮರೆತರೆ ಒನಕೆಯಂತಾಗುವುದು. ಹಿಂದಿನ ಅಕ್ಟೋಬರಿನಲ್ಲಿ ಊರಿದ ಬೆಳ್ಳುಳ್ಳಿಯನ್ನು ಜುಲೈಯಲ್ಲಿ ಕೀಳಬೇಕು. ಕಳೆಯೊಡನೆ ನಿತ್ಯ ಯುದ್ಧ. ಇದರ ನಡುವೆಯೇ ಶರತ್ಕಾಲದ ಕ್ಯಾರೆಟ್ ಬಿತ್ತನೆ, ಕೋಸಿನ ಸಸಿಗಳ ನಾಟಿ. ತಡವಾದರೆ ಹಿಮ ಕಾಯುವುದಿಲ್ಲ.

ಆ ವರ್ಷ ತಂಪು ಮಳೆ ಬಿಡಲಿಲ್ಲ. ಅಂಗಮಾರಿ ರೋಗ ಈಶಾನ್ಯ ರಾಜ್ಯಗಳ ಟೊಮೆಟೊ ತೋಟಗಳನ್ನೆಲ್ಲ ವ್ಯಾಪಿಸಿತು. 1845ರಿಂದ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಯಿಸಿ ಲಕ್ಷಾಂತರ ಜನರ ಸಾವಿಗೆ ಕಾರಣವಾದ ರೋಗವೇ ಇದು. ನಮ್ಮ ಹಾಸನದ ಆಲೂಗಡ್ಡೆ ಬೆಳೆಗಾರರೂ ಇದನ್ನು ಬಲ್ಲರು. ತೋಟದ ದಂಪತಿ ಟೊಮೆಟೊ ಗಿಡಗಳನ್ನೆಲ್ಲ ಕಿತ್ತು ಹೂಳಿದರು. ಉಳಿದ ವಾರಗಳ ಬುಟ್ಟಿಯಲ್ಲಿ ಟೊಮೆಟೊ ಇರಲಿಲ್ಲ.

"ಕೊಟ್ಟ ಹಣದ ಗತಿಯೇನಮ್ಮ?" ಎಂದೆ.

"ಅಪ್ಪ, ನಾವು ಗಿರಾಕಿಗಳಲ್ಲ, ಪಾಲುದಾರರು. ಅವರ ಇಡೀ ವರ್ಷದ ಬದುಕಿಗೆ ಹೋಲಿಸಿದರೆ ನಮ್ಮದು ನಾಲ್ಕು ಟೊಮೆಟೊ," ಎಂದಳು.

ಐರ್ಲೆಂಡಿನಲ್ಲಿ ಬೆಳೆ ನಾಶವಾದಾಗ ಗೇಣಿ ತೆರಲಾಗದ ಎಷ್ಟೋ ಕುಟುಂಬಗಳು ಬೀದಿಪಾಲಾದವು. ರೋಗ ಒಂದೇ, ನಷ್ಟದ ಹೊರೆಯನ್ನು ಹೊರುವವರಾರು ಎಂಬುದರಲ್ಲಿ ಅಂತರವಿದೆ.

ರಾಬಿನ್ 1997ರಲ್ಲಿ ತೀರಿಕೊಂಡರು. ಆ ನೆಲ ಮಾರಾಟವಾಗಿ ಚದುರಿಹೋಗಬಹುದಿತ್ತು. 1999ರಲ್ಲಿ ಸ್ಥಳೀಯ ಸಮುದಾಯ ಭೂನ್ಯಾಸವೊಂದು ಅದನ್ನು ಪಡೆದು, ಸಾಗುವಳಿಗೆಂದೇ ಯುವ ರೈತರಿಗೆ 99 ವರ್ಷಗಳ ಗುತ್ತಿಗೆಗೆ ಕೊಟ್ಟಿತು. ಬುಟ್ಟಿಯ ಕರಾರು ಹೀಗೆ ನೆಲದ ಕರಾರೂ ಆಯಿತು. ನಮ್ಮ ಪಠ್ಯಗಳಲ್ಲಿ ಇಂಥ ಸಂಧಿಗಳಿಗೂ ಒಂದು ಪುಟ ದೊರೆಯಲೆಂಬುದು ಈ ಹಳೆಯ ಮೇಷ್ಟರ ಆಸೆ.