ಹೊಸಬರ ಕೈಗಾಗಿ ಹುಟ್ಟಿದ ಆಯುಧ

ಗುಂಡು ಹಾರಿಸುವ ಆಯುಧಕ್ಕೆ ಕನ್ನಡದಲ್ಲಿ ಹೆಸರುಗಳಿಗೆ ಬರವಿಲ್ಲ. ಕೋವಿ ನಮ್ಮದೇ ಮಾತು, ಕೊಳವೆ ಎಂಬ ಅರ್ಥದ್ದು. ತುಪಾಕಿ ತುರ್ಕಿಯ ಕಡೆಯಿಂದ ಬಂತು, ಬಂದೂಕು ಅರಬ್ಬಿ-ಪಾರಸಿಯ ದಾರಿಯಲ್ಲಿ, ಪಿಸ್ತೂಲು ಯುರೋಪಿನವರ ಹಡಗುಗಳಲ್ಲಿ, ರಿವಾಲ್ವರ್ ಇಂಗ್ಲಿಷಿನಿಂದ. ಆದರೆ ಹೆಸರು ಬಾಯಿಗೆ ಬಂದಷ್ಟು ಸಲೀಸಾಗಿ ವಸ್ತು ಕೈಗೆ ಬರಲಿಲ್ಲ. ಪತ್ತೇದಾರಿ ಕಾದಂಬರಿ ಓದಿ, ಸಿನಿಮಾ ನೋಡಿ ಬೆಳೆದ ನನ್ನಂಥವರಿಗೆ ಪಿಸ್ತೂಲು, ರಿವಾಲ್ವರ್ ಎರಡೂ ಒಂದೇ. ಒಂದರಲ್ಲಿ ಗುಂಡುಗಳು ತಿರುಗುವ ಸಿಲಿಂಡರಿನಲ್ಲಿರುತ್ತವೆ, ಇನ್ನೊಂದರಲ್ಲಿ ಹಿಡಿಕೆಯೊಳಗಿನ ಮ್ಯಾಗಜಿನ್‌ನಲ್ಲಿ. ಇಷ್ಟು ಸಣ್ಣ ವ್ಯತ್ಯಾಸವೂ ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ, ಟೆಕ್ಸಾಸಿನ ಒಂದು ಶೂಟಿಂಗ್ ರೇಂಜಿನಲ್ಲಿ.

ಅಮೆರಿಕದ ಬಹಳಷ್ಟು ರೇಂಜುಗಳಲ್ಲಿ ಕೈಬಂದೂಕುಗಳನ್ನು ಬಾಡಿಗೆಗೆ ಕೊಡುತ್ತಾರೆ. ಗ್ರಂಥಾಲಯದಲ್ಲಿ ಪುಸ್ತಕ ತೆಗೆದು ನೋಡಿದ ಹಾಗೆ ಒಂದೊಂದನ್ನೇ ಪಡೆದು, ಗುರಿಹಲಗೆಯ ಮುಂದೆ ನಿಂತು ಪ್ರಯತ್ನಿಸಬಹುದು. ಇಲ್ಲಿ ನೆಲೆಸಿದ ಕನ್ನಡದ ಗೆಳೆಯರ ಮನೆಗಳಲ್ಲಿ ಈಗ ಆಗಾಗ ಬರುವ ಮಾತೊಂದಿದೆ: ಮನೆಯಲ್ಲೊಂದು ಇರಬೇಕೇ, ಬೇಡವೇ? ಆ ಪ್ರಶ್ನೆ ನಮ್ಮ ಮನೆಗೂ ಬಂದಿತ್ತು. ಉತ್ತರ ಹೇಳುವ ಮೊದಲು ವಸ್ತುವನ್ನು ತಿಳಿಯೋಣ ಎಂದು ಕಳೆದ ಚಳಿಗಾಲದಲ್ಲಿ ಕೆಲವು ಶನಿವಾರಗಳನ್ನು ಅಲ್ಲಿ ಕಳೆದೆ. ಕಲಿಸಿದವರು ನಿವೃತ್ತ ಸೈನಿಕರು. ಎಲ್ಲ ಆಯುಧವೂ ತುಂಬಿದೆ ಎಂದೇ ಭಾವಿಸಬೇಕು, ಸುಡಬಾರದ್ದರ ಕಡೆ ಅದರ ಬಾಯಿ ತಿರುಗಬಾರದು, ಗುರಿ ಕೂಡುವವರೆಗೆ ಬೆರಳು ಟ್ರಿಗರಿನ ಹೊರಗಿರಬೇಕು, ಗುರಿಯ ಹಿಂದೆ ಏನಿದೆ ಎಂಬುದು ಗೊತ್ತಿರಬೇಕು. ಈ ನಾಲ್ಕು ನಿಯಮ ಬಾಯಿಪಾಠವಾದ ಮೇಲೆಯೇ ಅವರು ಪೆಟ್ಟಿಗೆ ತೆರೆದದ್ದು.

ಮೊದಲು ಕೈಗಿತ್ತದ್ದು ಅವರ ಸ್ವಂತ ಸಂಗ್ರಹದ ಹಳೆಯ ಬ್ರಿಟಿಷ್ ರಿವಾಲ್ವರ್, ಎನ್‌ಫೀಲ್ಡ್ ನಂಬರ್ 2. ಇದರ ಹುಟ್ಟಿನ ಕಾರಣ ಕುತೂಹಲದ್ದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಅಧಿಕಾರಿಗಳ ಸೊಂಟದಲ್ಲಿ ಇದ್ದದ್ದು .455 ವೆಬ್ಲಿ. ಸುಮಾರು 17 ಗ್ರಾಂ ತೂಕದ ಗುಂಡು, ಕೈಯನ್ನು ಮೇಲಕ್ಕೆಸೆಯುವ ಒದೆತ. ಯುದ್ಧ ಮುಗಿದ ಮೇಲೆ ಸೈನ್ಯ ಲೆಕ್ಕ ಹಾಕಿತು: ಕೆಲವೇ ವಾರಗಳ ತರಬೇತಿ ಪಡೆದವನ ಕೈಗೆ ಇದು ಒಗ್ಗುವುದಿಲ್ಲ. ಹಾಗಾಗಿ ಗುಂಡನ್ನು ಸುಮಾರು 13 ಗ್ರಾಮಿಗೆ ಇಳಿಸಿ, ಬಂದೂಕನ್ನೂ ಹಗುರ ಮಾಡಿ, 1932ರಲ್ಲಿ ಎನ್‌ಫೀಲ್ಡನ್ನು ತಂದರು. 1938ರಲ್ಲಿ ಮತ್ತೊಂದು ಬದಲಾವಣೆಯಾಯಿತು. ಟ್ಯಾಂಕಿನ ಇಕ್ಕಟ್ಟಿನೊಳಗೆ ಹತ್ತಿ ಇಳಿಯುವವರಿಗೆ ಹ್ಯಾಮರಿನ ಚುಂಚು ಸಿಕ್ಕಿಕೊಳ್ಳುತ್ತದೆಂದು ಅದನ್ನೇ ಕತ್ತರಿಸಿದರು. ಆಗ ಹೆಬ್ಬೆರಳಿನಿಂದ ಹ್ಯಾಮರನ್ನು ಹಿಂದಕ್ಕೆಳೆದುಕೊಳ್ಳುವ ಅನುಕೂಲ ಹೋಯಿತು, ಪ್ರತಿ ಗುಂಡಿಗೂ ಟ್ರಿಗರನ್ನೇ ಪೂರ್ತಿ ಎಳೆಯಬೇಕಾಯಿತು. ನಾನು ಹಿಡಿದದ್ದು ಆ ಚುಂಚಿಲ್ಲದ ಬಗೆ. ತೋರುಬೆರಳಿನಿಂದ ಬಾವಿಯ ತುಂಬಿದ ಕೊಡ ಎತ್ತಿದಂತಿತ್ತು. ಬೆರಳು ಎಳೆಯುವಷ್ಟು ಹೊತ್ತು ಮನಸ್ಸಿಗೂ ಯೋಚಿಸಲು ಸಮಯ ಸಿಗುತ್ತದೆ ಎಂಬುದನ್ನು ಅಲ್ಲಿಯೇ ಗುರುತು ಹಾಕಿಕೊಂಡೆ. ನಮ್ಮ ಕಾನ್ಪುರದ ಸರ್ಕಾರಿ ಕಾರ್ಖಾನೆ ಇಂದಿಗೂ ಮಾಡುವ .32 ರಿವಾಲ್ವರ್ ಇದೇ ವೆಬ್ಲಿ ವಂಶದ್ದು.

ಮುಂದಿನ ವಾರ 1911. ಜಾನ್ ಬ್ರೌನಿಂಗ್ ರಚಿಸಿದ ಈ ಪಿಸ್ತೂಲಿಗೆ ಅಮೆರಿಕದ ಸೈನ್ಯ ಅದನ್ನು ಒಪ್ಪಿಕೊಂಡ ವರ್ಷವೇ ಹೆಸರು. ಖಾಲಿ ಇದ್ದಾಗಲೇ ಒಂದು ಕೆಜಿ ಮೀರಿದ ಉಕ್ಕು. ಅದರ ಹಿಂದಿರುವುದು ಫಿಲಿಪ್ಪೀನ್ಸ್. 1898ರಲ್ಲಿ ಸ್ಪೇನಿನಿಂದ ಆ ದ್ವೀಪಗಳನ್ನು ಪಡೆದ ಅಮೆರಿಕ ಅಲ್ಲಿಯ ಜನರೊಂದಿಗೇ ಯುದ್ಧಕ್ಕಿಳಿಯಿತು. ಕತ್ತಿ ಹಿರಿದು ನುಗ್ಗಿ ಬರುವ ಮೋರೋ ಹೋರಾಟಗಾರರನ್ನು ತಮ್ಮ .38 ರಿವಾಲ್ವರಿನ ಗುಂಡು ತಡೆಯುತ್ತಿಲ್ಲ ಎಂದು ಸೈನಿಕರು ದೂರಿದರು. 1904ರಲ್ಲಿ ಇಬ್ಬರು ಅಧಿಕಾರಿಗಳು, ಥಾಮ್ಸನ್ ಮತ್ತು ಲಗಾರ್ಡ್, ಷಿಕಾಗೋದ ಕಸಾಯಿಖಾನೆಯ ದನಗಳ ಮೇಲೂ ಮನುಷ್ಯರ ಶವಗಳ ಮೇಲೂ ಬೇರೆ ಬೇರೆ ಗುಂಡುಗಳನ್ನು ಹಾರಿಸಿ ನೋಡಿ, .45ಕ್ಕಿಂತ ಸಣ್ಣದು ಬೇಡವೆಂದು ವರದಿ ಕೊಟ್ಟರು. ಹಿಡಿಕೆಯ ಮೇಲ್ಭಾಗದಲ್ಲಿ ಹೆಬ್ಬೆರಳಿಗೆ ಸಿಗುವ ಸಣ್ಣ ತಡೆಕೀಲು ಕುದುರೆದಳ ಕೇಳಿ ಹಾಕಿಸಿದ್ದು. ಬೆದರಿದ ಕುದುರೆಯ ಮೇಲೆ ಕುಳಿತವನ ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಪಿಸ್ತೂಲು. ಅಂಥವನು ಅದನ್ನು ಒರೆಗೆ ಸೇರಿಸುವಾಗ ತನ್ನ ಕಾಲಿಗೇ ಹಾರಿಸಿಕೊಳ್ಳಬಾರದಲ್ಲ! ಕುದುರೆ ಹೋಗಿ ನೂರು ವರ್ಷವಾಗುತ್ತ ಬಂತು, ಕೀಲು ಮಾತ್ರ ಹಾಗೆಯೇ ಉಳಿದಿದೆ.

ಹೀಗೆ ಒಂದೊಂದನ್ನೇ ಹಿಡಿಯುತ್ತ ಹೋದಾಗ ಒಂದು ವಿಷಯ ಹೊಳೆಯಿತು. ಕೈಬಂದೂಕಿನ ಚರಿತ್ರೆಯನ್ನು ಶೂರರ ಚರಿತ್ರೆಯಾಗಿ ಹೇಳುವುದು ರೂಢಿ. ನಿಜವಾಗಿ ಅದು ಹೊಸಬರ ಚರಿತ್ರೆ. ಬಿಲ್ಲುಗಾರನಾಗಲು ಹುಡುಗತನದಿಂದಲೇ ತೋಳು ಹದಗೊಳ್ಳಬೇಕಿತ್ತು, ಕತ್ತಿವರಸೆಗೆ ಗರಡಿಯ ವರ್ಷಗಳು ಬೇಕಿದ್ದವು. ಕೈಬಂದೂಕನ್ನು ತಿದ್ದಿದ ಪ್ರತಿ ಪೀಳಿಗೆಯೂ ಆ ಕಲಿಕೆಯ ಕಾಲವನ್ನು ಇನ್ನಷ್ಟು ಕತ್ತರಿಸುತ್ತ ಬಂತು. ಆಳುವವರು ಹೆದರಿದ್ದು ಇದಕ್ಕೇ: ಕಲಿಯದವನ ಕೈಗೂ ಇದು ಬಂದರೆ?

ಆ ಹೆದರಿಕೆಯ ಕಥೆ ಕನ್ನಡ ನಾಡಿನಲ್ಲಿ ರಕ್ತದಲ್ಲಿ ಬರೆದದ್ದು. ಹಲಗಲಿಯ ಬೇಡರ ಲಾವಣಿಯನ್ನು ಶಾಲೆಯಲ್ಲಿ ಓದದವರು ಕಡಿಮೆ. 1857ರಲ್ಲಿ ಕಂಪನಿ ಸರ್ಕಾರ ಹತಾರಗಳನ್ನು ಒಪ್ಪಿಸಬೇಕೆಂದು ಹೊರಡಿಸಿದ ಆಜ್ಞೆಯನ್ನು ಮುಧೋಳ ಸೀಮೆಯ ಹಲಗಲಿ ಒಪ್ಪಲಿಲ್ಲ. ಬೇಡರಿಗೆ ಆಯುಧವೆಂದರೆ ಬೇಟೆ, ಕಾವಲು, ಮಾನ. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ನಾಲ್ಕೇ ವರ್ಷಗಳಲ್ಲಿ, 1861ರಲ್ಲಿ, ಅದೇ ನಿರಾಯುಧೀಕರಣದ ಕಾನೂನಿನಿಂದ ಕೊಡವರಿಗೆ ವಿನಾಯಿತಿ ಸಿಕ್ಕಿತು. ಒಂದೇ ಭಾಷೆಯ ನಾಡಿನ ಎರಡು ಮೂಲೆಗಳಲ್ಲಿ ಒಂದೇ ಕಾನೂನು ಒಬ್ಬರಿಗೆ ನೇಣಾಯಿತು, ಇನ್ನೊಬ್ಬರಿಗೆ ಮರ್ಯಾದೆಯಾಯಿತು. ಸರ್ಕಾರ ಅಳೆದದ್ದು ಆಯುಧವನ್ನಲ್ಲ, ನಿಷ್ಠೆಯನ್ನು.

1878ರಲ್ಲಿ ಲಿಟ್ಟನ್ ಕಾಲದ ಶಸ್ತ್ರಾಸ್ತ್ರ ಕಾಯ್ದೆ ಇದನ್ನು ದೇಶಕ್ಕೆಲ್ಲ ಹಬ್ಬಿಸಿತು. ಭಾರತೀಯರಿಗೆ ಪರವಾನಗಿ ಬೇಕು, ಯುರೋಪಿಯನ್ನರಿಗೆ ಬೇಡ. ನಾನು ಶನಿವಾರ ಮಾಡುತ್ತಿದ್ದ ಕೆಲಸ, ಅಂದರೆ ಗುರುತಿಲ್ಲದ ಪಿಸ್ತೂಲೊಂದನ್ನು ಹಿಡಿದು ನೋಡುವುದು, ನನ್ನ ಮುತ್ತಜ್ಜನ ಕಾಲದ ಸಾಮಾನ್ಯನಿಗೆ ಅಪರಾಧವಾಗಿತ್ತು. 1914ರ ಆಗಸ್ಟ್ 26ರಂದು ಕಲ್ಕತ್ತೆಯಲ್ಲಿ ರೊಡ್ಡಾ ಎಂಬ ಬಂದೂಕು ವ್ಯಾಪಾರಿಗಳ ಮಾಲು ಬಂದರಿನಿಂದ ಗೋದಾಮಿಗೆ ಹೋಗುವಾಗ ಪೆಟ್ಟಿಗೆಗಳು ಕಾಣೆಯಾದವು. ಕಂಪನಿಯ ಗುಮಾಸ್ತನೇ ಕ್ರಾಂತಿಕಾರಿಗಳ ಕಡೆಯವನು. ಸಿಕ್ಕಿದ್ದು 50 ಮೌಸರ್ ಪಿಸ್ತೂಲು, 46,000 ಗುಂಡು. ಮರದ ಒರೆಯನ್ನೇ ಹಿಂಬದಿಗೆ ಜೋಡಿಸಿ ಹೆಗಲಿಗೊತ್ತಿ ಹಾರಿಸಬಹುದಾದ ಜರ್ಮನ್ ಪಿಸ್ತೂಲದು. ಮರುವರ್ಷ ಬಾಲಾಸೋರ್ ಬಳಿ ಜತೀಂದ್ರನಾಥ ಮುಖರ್ಜಿ ನಾಲ್ವರು ಸಂಗಾತಿಗಳೊಂದಿಗೆ ಪೊಲೀಸರನ್ನು ಎದುರಿಸಿದ್ದು ಮೌಸರ್ ಹಿಡಿದೇ. ಅವರಿಗೆ ರೇಂಜಿರಲಿಲ್ಲ, ಬೆನ್ನ ಹಿಂದೆ ನಿಂತು ಭುಜ ತಿದ್ದುವ ನಿವೃತ್ತ ಸೈನಿಕರಿರಲಿಲ್ಲ.

ಅಹಿಂಸೆಯ ಗಾಂಧಿಯೂ ಈ ಕಾಯ್ದೆಯನ್ನು ಅವಮಾನವೆಂದೇ ಕಂಡರು. 1930ರ ಜನವರಿಯ ಕೊನೆಯಲ್ಲಿ, ಉಪ್ಪಿನ ಸತ್ಯಾಗ್ರಹಕ್ಕೆ ಮೊದಲು, ಅವರು ವೈಸರಾಯ್ ಇರ್ವಿನ್ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಉಪ್ಪಿನ ತೆರಿಗೆಯ ರದ್ದತಿ ಎಲ್ಲರಿಗೂ ನೆನಪಿದೆ. ಜನರ ಹತೋಟಿಗೆ ಒಳಪಟ್ಟು ಆತ್ಮರಕ್ಷಣೆಗೆ ಬಂದೂಕಿನ ಪರವಾನಗಿ ಕೊಡಬೇಕು ಎಂಬ ಬೇಡಿಕೆಯೂ ಅದೇ ಪಟ್ಟಿಯಲ್ಲಿತ್ತು. ಹದಿನೆಂಟು ವರ್ಷಗಳ ನಂತರ, 1948ರ ಜನವರಿ 30ರಂದು, ಅವರ ಎದೆಗೆ ತಾಗಿದ್ದು ಗ್ವಾಲಿಯರಿನಲ್ಲಿ ಸಂಪಾದಿಸಿದ ಒಂದು ಬೆರೆಟ್ಟಾ. ಅಂಗೈಗೆ ಒಗ್ಗುವ ಇಟಲಿಯ ಪುಟ್ಟ ಪಿಸ್ತೂಲು. ಕೈ ಮುಗಿಯುವಷ್ಟು ಹತ್ತಿರದಿಂದ ಮೂರು ಗುಂಡು. ಅದಕ್ಕೆ ಯಾವ ಅಭ್ಯಾಸವೂ ಬೇಕಿರಲಿಲ್ಲ. ಗಾಂಧಿಯ ಬೇಡಿಕೆಯಲ್ಲಿದ್ದ ‘ಜನರ ಹತೋಟಿ’ ಎಂಬ ಮಾತಿನ ತೂಕ ನನಗೆ ತಿಳಿದದ್ದು ಈ ಎರಡು ಜನವರಿಗಳನ್ನು ಪಕ್ಕಪಕ್ಕ ಇಟ್ಟಾಗ.

ರೇಂಜಿನಲ್ಲಿ ನನಗೆ ಕೊನೆಯದಾಗಿ ಕೊಟ್ಟದ್ದು ಗ್ಲಾಕ್ 17. 1982ರಲ್ಲಿ ಆಸ್ಟ್ರಿಯಾದ ಸೈನ್ಯ ಒಪ್ಪಿದ ಈ ಪಿಸ್ತೂಲನ್ನು ಮಾಡಿದ ಗ್ಯಾಸ್ಟನ್ ಗ್ಲಾಕ್ ಅದಕ್ಕೆ ಮೊದಲು ಪರದೆ ಕಂಬಿ, ಚಾಕು ಮಾಡುತ್ತಿದ್ದವರು. ಪಿಸ್ತೂಲಿನ ಮಟ್ಟಿಗೆ ಅವರೂ ಹೊಸಬರೇ. ಚೌಕಟ್ಟು ಪ್ಲಾಸ್ಟಿಕ್ ಜಾತಿಯದು, ಮ್ಯಾಗಜಿನ್‌ನಲ್ಲಿ 17 ಗುಂಡು. ಹೆಬ್ಬೆರಳಿಗೆ ಕೀಲಿಲ್ಲ, ಹೊರಗೆ ಹ್ಯಾಮರಿಲ್ಲ. ತಡೆಗಳೆಲ್ಲ ಟ್ರಿಗರಿನಲ್ಲೂ ಯಂತ್ರದೊಳಗೂ ಅಡಗಿವೆ, ಬೆರಳು ಎಳೆದರೆ ತಾವಾಗಿಯೇ ಸರಿಯುತ್ತವೆ. ಎಳೆತ ಎರಡೂವರೆ ಕೆಜಿಯ ಆಸುಪಾಸು. ಎನ್‌ಫೀಲ್ಡಿನಲ್ಲಿ ಬೆವರಿದ ಅದೇ ಬೆರಳಿಗೆ ಇದು ಬೆಣ್ಣೆ. ಹತ್ತು ನಿಮಿಷದಲ್ಲಿ ನನ್ನ ಗುಂಡುಗಳು ಒಂದು ಲೋಟದ ಬಾಯಿಯಷ್ಟು ಜಾಗದಲ್ಲಿ ಬೀಳತೊಡಗಿದವು. ಗುರುಗಳು ಮೆಚ್ಚಿ ತಲೆಯಾಡಿಸಿದರು. ನನಗೆ ಸಂತೋಷವೂ ಆಯಿತು, ಅದರ ಬೆನ್ನಲ್ಲೇ ಅಳುಕೂ ಬಂತು.

ಕೊಡಗಿನ ನೆನಪು ಆ ಅಳುಕಿನಿಂದಲೇ ಬಂದದ್ದು. 1861ರ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಆ ರಿಯಾಯಿತಿ ಎಲ್ಲರಿಗೂ ಸಮನಲ್ಲ ಎಂಬ ತಕರಾರು ನ್ಯಾಯಾಲಯದ ಮೆಟ್ಟಿಲೂ ಹತ್ತಿದೆ. ಅದು ಬೇರೆ ಚರ್ಚೆ. ನನಗೆ ಮುಖ್ಯವೆನಿಸುವುದು ಅಲ್ಲಿ ಕೋವಿಯ ಸುತ್ತ ಇರುವ ಕಟ್ಟಳೆ. ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ತೋಕ್‌ಪೂವಿನ ಪೂಜೆ, ಆಮೇಲೆ ಹಿರಿಯರ ಎದುರಿನಲ್ಲಿ ತೆಂಗಿನಕಾಯಿಗೆ ಗುರಿ. ಕೋವಿ ಅಲ್ಲಿ ಒಬ್ಬನ ಜೇಬಿನ ವಸ್ತುವಲ್ಲ, ಐನ್‌ಮನೆಯ ಕಣ್ಣೆದುರಿನದು. ಕಟ್ಟಳೆ ಇದ್ದ ಮಾತ್ರಕ್ಕೆ ಅನಾಹುತವೇ ಆಗದು ಎಂದಲ್ಲ. ಆದರೆ ಯಂತ್ರ ಕೈಬಿಟ್ಟ ತಡೆಯನ್ನು ಬೇರೆ ಯಾರೋ ಹಿಡಿದುಕೊಂಡಿದ್ದಾರೆ ಎಂಬ ಸಮಾಧಾನವಿದೆ.

ನನ್ನ ಮನೆಗೆ ಅಂಥ ಐನ್‌ಮನೆಯಿಲ್ಲ. ಇರುವುದು ಎರಡು ಮಲಗುವ ಕೋಣೆ, ಶಾಲೆಗೆ ಹೋಗುವ ಒಬ್ಬ ಮಗ, ನೆರೆಯವರ ಹೆಸರೂ ಪೂರ್ತಿ ತಿಳಿಯದ ಬೀದಿ. ಹಲಗಲಿಯ ಬೇಡರಿಗೆ ಹತಾರ ಕಳೆದುಕೊಳ್ಳುವುದು ಬದುಕನ್ನೇ ಕಳೆದುಕೊಂಡಂತೆ, ಬಾಲಾಸೋರಿನ ಐವರಿಗೆ ಅದು ದೇಶದ ಪ್ರಶ್ನೆ. ನನಗೆ ಅಂಥ ಯಾವ ಒತ್ತಾಯವೂ ಇಲ್ಲ, ಇರುವುದು ಬೆರಳಿಗೆ ಒಂದು ಸಲೀಸು ಮಾತ್ರ. ಆದ್ದರಿಂದ ಹೆಂಡತಿಯೂ ನಾನೂ ಕೂತು ಮಾತಾಡಿ ತೀರ್ಮಾನಿಸಿದೆವು: ರೇಂಜಿನ ಕಲಿಕೆ ಮುಂದುವರಿಯಲಿ, ಮನೆಗೆ ಬೇಡ. ಸದ್ಯಕ್ಕೆ ಕಲಿಯುತ್ತಿರುವುದು ಆ ಹಳೆಯ ಎನ್‌ಫೀಲ್ಡನ್ನೇ. ಆರನೆಯ ಗುಂಡಿನ ಹೊತ್ತಿಗೆ ಬೆರಳು ಇನ್ನೂ ನೋಯುತ್ತದೆ.