ಕ್ರೀಡಾ ಸಂಸ್ಥೆಗಳ ಚುನಾವಣಾ ತಕರಾರು ಮತ್ತು ಮಧ್ಯಸ್ಥಿಕೆ: ಮಂಡ್ಯ ಸೀಮೆಯಿಂದ ಒಂದು ನೋಟ

ಗುತ್ತಲಿನಂಥ ಹಳ್ಳಿಗಳನ್ನು ಒಳಗೊಂಡು ಬೆಳೆದ ಮಂಡ್ಯ ಪಟ್ಟಣದಲ್ಲಿ, ಹಾಗೆಯೇ ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ, ಸಂಘದ ಚುನಾವಣೆ ಎಂದರೆ ಜನರಿಗೆ ಮೊದಲು ನೆನಪಾಗುವುದು ಕೃಷಿ ಪತ್ತಿನ ಸಹಕಾರ ಸಂಘ, ಹಾಲು ಉತ್ಪಾದಕರ ಸಂಘಗಳೇ ಹೊರತು ಕಬಡ್ಡಿ, ಕ್ರಿಕೆಟ್ ಸಂಸ್ಥೆಗಳಲ್ಲ. ಈ ಎರಡು ಬಗೆಯ ಸಂಘಗಳಿಗೂ ಮೈಸೂರು ಸಂಸ್ಥಾನದಲ್ಲಿ ಕಾನೂನಿನ ನೆಲೆ ದೊರೆತದ್ದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, 1904ರ ಸಂಘಗಳ ನೋಂದಣಿ ರೆಗ್ಯುಲೇಷನ್ ಮತ್ತು 1905ರ ಸಹಕಾರ ಸಂಘಗಳ ರೆಗ್ಯುಲೇಷನ್ ಮೂಲಕ. ಆದರೆ ಚುನಾವಣೆಯ ತಕರಾರು ಬಂದಾಗ ಎಲ್ಲಿಗೆ ಹೋಗಬೇಕು ಎಂಬ ವಿಷಯದಲ್ಲಿ ಎರಡರ ದಾರಿಗಳೂ ಬೇರೆಯಾದವು.

1959ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮದ 70ನೆಯ ಪ್ರಕರಣವು ಪದಾಧಿಕಾರಿಗಳ ಚುನಾವಣೆಗೆ ಸಂಬಂಧಿಸಿದ ವಿವಾದವನ್ನು ಸಿವಿಲ್ ನ್ಯಾಯಾಲಯದ ವ್ಯಾಪ್ತಿಯಿಂದ ಹೊರಗಿಟ್ಟು ಸಹಕಾರ ಸಂಘಗಳ ನಿಬಂಧಕರಿಗೆ ಒಪ್ಪಿಸುತ್ತದೆ. 71ನೆಯ ಪ್ರಕರಣದ ಪ್ರಕಾರ ನಿಬಂಧಕರು ಅದನ್ನು ತಾವೇ ತೀರ್ಮಾನಿಸಬಹುದು, ಇಲ್ಲವೇ ಮಧ್ಯಸ್ಥಗಾರನಿಗೆ, ಅಂದರೆ ಎರಡೂ ಕಡೆಯ ವಾದ ಕೇಳಿ ಬದ್ಧವಾದ ಐತೀರ್ಪು ನೀಡುವ ಮೂರನೆಯ ವ್ಯಕ್ತಿಗೆ, ವಹಿಸಬಹುದು. ಕ್ರೀಡಾ ಸಂಸ್ಥೆಗಳು ನೋಂದಣಿಯಾಗುವ 1960ರ ಸಂಘಗಳ ನೋಂದಣಿ ಅಧಿನಿಯಮದಲ್ಲಿ ಇಂಥ ಏರ್ಪಾಡಿಲ್ಲ. ಅದರ 25ನೆಯ ಪ್ರಕರಣದಡಿ ನೋಂದಣಾಧಿಕಾರಿ ಸಂಘದ ವ್ಯವಹಾರಗಳ ವಿಚಾರಣೆ ನಡೆಸಬಹುದಾದರೂ, ಗೆದ್ದವರು ಯಾರು ಎಂಬ ಪ್ರಶ್ನೆಗೆ ಸೋತವರು ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಬೇಕಾಗುತ್ತದೆ. ಹಾಲಿನ ಸಂಘದ ನಿರ್ದೇಶಕನಿಗೆ ಇರುವ ಹತ್ತಿರದ ಬಾಗಿಲು ಕಬಡ್ಡಿ ಸಂಸ್ಥೆಯ ಕಾರ್ಯದರ್ಶಿಗೆ ಇಲ್ಲದಿರುವುದು ಈ ಕಾನೂನು ಪರಂಪರೆಯ ದೊಡ್ಡ ಕೊರತೆ.

ಇಂಥ ಹತ್ತಿರದ ಬಾಗಿಲು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕ್ರಿಕೆಟ್ ತೋರಿಸುತ್ತದೆ. ಮಂಡ್ಯ ಮೂಲದ ವಕೀಲ ಎಂ. ಚಿನ್ನಸ್ವಾಮಿಯವರು 1933ರಲ್ಲಿ ಸ್ಥಾಪನೆಯಾದ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆಯನ್ನು, ಅಂದರೆ ಇಂದಿನ ಕೆಎಸ್‌ಸಿಎಯನ್ನು, ದಶಕಗಳ ಕಾಲ ಬೆಳೆಸಿ 1977ರಿಂದ 1980ರವರೆಗೆ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಅಧ್ಯಕ್ಷರಾಗಿದ್ದರು. ಅದೇ ಮಂಡಳಿಯ 2004ರ ಚುನಾವಣೆಯಲ್ಲಿ ನಿರ್ಗಮಿತ ಅಧ್ಯಕ್ಷ ಜಗಮೋಹನ್ ದಾಲ್ಮಿಯಾ ಅವರ ನಿರ್ಣಾಯಕ ಮತದಿಂದ ರಣಬೀರ್ ಸಿಂಗ್ ಮಹೇಂದ್ರ ಅವರು ಶರದ್ ಪವಾರ್ ಅವರನ್ನು ಸೋಲಿಸಿದಾಗ ಎದ್ದ ವಿವಾದ ಹೈಕೋರ್ಟು, ಸುಪ್ರೀಂ ಕೋರ್ಟುಗಳನ್ನು ಸುತ್ತಿತು. ಮರುವರ್ಷದ ಚುನಾವಣೆಗೆ ಮಾಜಿ ಮುಖ್ಯ ಚುನಾವಣಾ ಆಯುಕ್ತ ಟಿ.ಎಸ್. ಕೃಷ್ಣಮೂರ್ತಿಯವರು ವೀಕ್ಷಕರಾಗಬೇಕಾಯಿತು. 2025ರ ಕೆಎಸ್‌ಸಿಎ ಚುನಾವಣೆಯಲ್ಲಂತೂ, ಅಧ್ಯಕ್ಷ ಸ್ಥಾನದ ಅಭ್ಯರ್ಥಿಯೊಬ್ಬರ ನಾಮಪತ್ರವನ್ನು ಅವರು ಪ್ರತಿನಿಧಿಸುವ ಕ್ಲಬ್ಬಿನ 200 ರೂಪಾಯಿ ಚಂದಾ ಬಾಕಿಯ ಕಾರಣಕ್ಕೆ ಚುನಾವಣಾಧಿಕಾರಿ ತಿರಸ್ಕರಿಸಿದ ವಿಷಯವೂ ಹೈಕೋರ್ಟಿನ ಮುಂದೆ ಹೋಗಿ, ನಾಮಪತ್ರ ಊರ್ಜಿತವಾದ ಮೇಲೆಯೇ ಡಿಸೆಂಬರ್ 7ರಂದು ಮತದಾನ ನಡೆಯಿತು. ರಸೀದಿ ಪುಸ್ತಕ ತೆರೆದು ಒಂದು ಮಧ್ಯಾಹ್ನದಲ್ಲಿ ಇತ್ಯರ್ಥಪಡಿಸಬಹುದಾದ ಸಂಗತಿಗೆ ರಾಜ್ಯದ ಅತ್ಯುನ್ನತ ನ್ಯಾಯಾಲಯದ ಸಮಯ ಬೇಕಾಯಿತು.

ಕಬಡ್ಡಿಯ ಅನುಭವ ಇದಕ್ಕಿಂತ ನೋವಿನದು. ರಾಷ್ಟ್ರೀಯ ಕಬಡ್ಡಿ ಫೆಡರೇಷನ್ನಿನ ಆಡಳಿತವನ್ನು ದೆಹಲಿ ಹೈಕೋರ್ಟು 2018ರಲ್ಲಿ ಆಡಳಿತಾಧಿಕಾರಿಯ ಕೈಗೆ ಕೊಟ್ಟಿತು. 2023ರ ಡಿಸೆಂಬರಿನಲ್ಲಿ ಚುನಾವಣೆ ನಡೆದರೂ ಗೆದ್ದವರಿಗೆ ಅಧಿಕಾರ ಸಿಗಲಿಲ್ಲ, ಚುನಾಯಿತ ಆಡಳಿತವಿಲ್ಲವೆಂದು ಅಂತರರಾಷ್ಟ್ರೀಯ ಒಕ್ಕೂಟ ಮಾನ್ಯತೆಯನ್ನು ಅಮಾನತಿನಲ್ಲಿಟ್ಟಿತು. ಇರಾನಿನಲ್ಲಿ ನಡೆಯಲಿದ್ದ ಏಷ್ಯನ್ ಮಹಿಳಾ ಕಬಡ್ಡಿಗೆ ಭಾರತದ ತಂಡ ಹೋಗಲು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಮಧ್ಯೆ ಬಂದು, ಚುನಾಯಿತ ಸಮಿತಿಗೆ ಅಧಿಕಾರ ವಹಿಸುವಂತೆ ಹೇಳಬೇಕಾಯಿತು. ಪದಾಧಿಕಾರಿಗಳ ಜಗಳದ ವರ್ಷಗಳು ಅವರ ಲೆಕ್ಕಕ್ಕಲ್ಲ, ಆಟಗಾರ್ತಿಯರ ಆಡುವ ವಯಸ್ಸಿನ ಲೆಕ್ಕಕ್ಕೆ ಸೇರುತ್ತವೆ.

ಹೊರಗಿನ ಜಗತ್ತು ಈ ಸಮಸ್ಯೆಗೆ ಸ್ವಿಟ್ಜರ್ಲೆಂಡಿನ ಲೂಸಾನ್ ನಗರದಲ್ಲಿ 1984ರಲ್ಲಿ ಸ್ಥಾಪಿಸಿದ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯದಲ್ಲಿ ಉತ್ತರ ಹುಡುಕಿತು. ಅಲ್ಲಿಯೂ ಐತೀರ್ಪಿನಿಂದ ಎಲ್ಲವೂ ಸರಿಹೋಗುವುದಿಲ್ಲ. 2022ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆಯ ಅಧ್ಯಕ್ಷ ಸ್ಥಾನದ ಸ್ಪರ್ಧೆಯಿಂದ ಬೋರಿಸ್ ವಾನ್ ಡೆರ್ ವೋರ್ಸ್ಟ್ ಅವರನ್ನು ಹೊರಗಿಟ್ಟದ್ದು ತಪ್ಪೆಂದು ಆ ನ್ಯಾಯಾಲಯ ಒಂದೇ ತಿಂಗಳಲ್ಲಿ ತೀರ್ಪಿತ್ತರೂ, ಸೆಪ್ಟೆಂಬರಿನ ಯೆರೆವಾನ್ ಸಭೆಯಲ್ಲಿ ಸದಸ್ಯ ರಾಷ್ಟ್ರಗಳೇ ಮರುಚುನಾವಣೆ ಬೇಡವೆಂದು ಮತ ಹಾಕಿದವು.

ಭಾರತದಲ್ಲಿ 2025ರ ಆಗಸ್ಟ್ 18ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ರಾಷ್ಟ್ರೀಯ ಕ್ರೀಡಾ ಆಡಳಿತ ಅಧಿನಿಯಮವು ಮಧ್ಯಸ್ಥಿಕೆಯ ಬದಲು ರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯನ್ನೂ, ಚುನಾವಣೆಗಳ ಮೇಲ್ವಿಚಾರಣೆಗೆ ಚುನಾವಣಾ ಅಧಿಕಾರಿಗಳ ಸಮೂಹವನ್ನೂ ಕಲ್ಪಿಸಿತು. ನ್ಯಾಯಮಂಡಳಿಯ ಆದೇಶದ ಮೇಲ್ಮನವಿ ಸಾಮಾನ್ಯವಾಗಿ ಸುಪ್ರೀಂ ಕೋರ್ಟಿಗೆ ಹೋಗುತ್ತದೆ. ಮಂಡ್ಯದ ಜಿಲ್ಲಾ ಸಂಸ್ಥೆಯೊಂದರ ಮತದಾರರ ಪಟ್ಟಿಯ ತಕರಾರಿಗೆ ದೆಹಲಿಯ ಆ ದಾರಿ ಬಲು ದೂರ. ಹತ್ತಿರದ ದಾರಿ ಬೇಕಿದ್ದರೆ ಸರ್ವಸದಸ್ಯರ ಸಭೆಯೇ ಚುನಾವಣೆಗೆ ಮೊದಲು ಬೈಲಾದಲ್ಲಿ ಮಧ್ಯಸ್ಥಿಕೆಯ ಕಲಮನ್ನು ಬರೆಯಬೇಕು, ಏಕೆಂದರೆ 1996ರ ಮಧ್ಯಸ್ಥಿಕೆ ಅಧಿನಿಯಮ ಲಿಖಿತ ಒಪ್ಪಂದವನ್ನು ಕೇಳುತ್ತದೆ. ಮಧ್ಯಸ್ಥಗಾರನನ್ನು ಹಾಲಿ ಅಧ್ಯಕ್ಷರೇ ನೇಮಿಸುವಂತೆಯೂ ಇರಬಾರದು, ಏಕೆಂದರೆ ವಿವಾದದ ಫಲದಲ್ಲಿ ಹಿತಾಸಕ್ತಿಯುಳ್ಳವರು ಏಕಪಕ್ಷೀಯವಾಗಿ ಮಾಡುವ ನೇಮಕವನ್ನು ಸುಪ್ರೀಂ ಕೋರ್ಟು 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪಿನಲ್ಲಿ ಒಪ್ಪಿಲ್ಲ.