ಆದಿವಿಶ್ವದ ಕ್ವಾಂಟಮ್ ಏರಿಳಿತಗಳು: ಒಂದು ಪರಿಕಲ್ಪನೆಯ ಚರಿತ್ರೆ

ಗೆಲಾಕ್ಸಿಗಳ ಬೀಜ ಆದಿವಿಶ್ವದ ಕ್ವಾಂಟಮ್ ಏರಿಳಿತಗಳಲ್ಲಿದೆ ಎಂಬ ವಿಚಾರದ ಉಗಮವನ್ನು 1982ರಲ್ಲಿ ಕೇಂಬ್ರಿಜ್‌ನಲ್ಲಿ ನಡೆದ ನಫೀಲ್ಡ್ ಕಾರ್ಯಾಗಾರದೊಂದಿಗೆ ಜೋಡಿಸುವುದು ರೂಢಿ. ಪ್ರಕಟಿತ ಲೇಖನಗಳನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸಿದರೆ ಈ ರೂಢಿಗೆ ತಿದ್ದುಪಡಿ ಅಗತ್ಯವೆನಿಸುತ್ತದೆ.

ಇದರ ಪೂರ್ವಸೂಚನೆ 1939ರಷ್ಟು ಹಳೆಯದು. ಹಿಗ್ಗುವ ವಿಶ್ವದಲ್ಲಿ ತರಂಗಗಳ ವರ್ತನೆಯನ್ನು ಗಣಿಸುತ್ತಿದ್ದ ಎರ್ವಿನ್ ಶ್ರೋಡಿಂಗರ್, ಹಿಗ್ಗುವಿಕೆಯಿಂದಲೇ ಕಣಗಳು ಹುಟ್ಟಬಹುದೆಂದು ಕಂಡರು. ಅವರಿಗೆ ಅದು ಸಂಭ್ರಮಕ್ಕಿಂತ ಆತಂಕವನ್ನೇ ತಂದಿತು. 1960ರ ದಶಕದಲ್ಲಿ ಅಮೆರಿಕದ ಲಿಯೊನಾರ್ಡ್ ಪಾರ್ಕರ್ ಇದನ್ನು ಕ್ವಾಂಟಮ್ ಕ್ಷೇತ್ರ ಸಿದ್ಧಾಂತದ ಚೌಕಟ್ಟಿಗೆ ತಂದರು.

ನಿರ್ಣಾಯಕ ಹೆಜ್ಜೆ ಮೂಡಿದ್ದು ಸೋವಿಯತ್ ಒಕ್ಕೂಟದಲ್ಲಿ. 1980ರಲ್ಲಿ ಅಲೆಕ್ಸಿ ಸ್ಟಾರೊಬಿನ್‌ಸ್ಕಿ, ಗುರುತ್ವದ ಸಮೀಕರಣಗಳಿಗೆ ಕ್ವಾಂಟಮ್ ತಿದ್ದುಪಡಿ ಸೇರಿಸಿದಾಗ ವಿಶ್ವ ಆರಂಭದಲ್ಲಿ ಅತಿವೇಗವಾಗಿ ಉಬ್ಬುವುದೆಂದು ತೋರಿಸಿದರು. ಮರುವರ್ಷ ವ್ಯಾಚೆಸ್ಲಾವ್ ಮುಖಾನೊವ್ ಮತ್ತು ಗೆನ್ನಡಿ ಚಿಬಿಸೊವ್ ಈ ಮಾದರಿಯಲ್ಲಿ ಏರಿಳಿತಗಳ ಗತಿಯನ್ನು ಗಣಿಸಿದರು. ಅನಿಶ್ಚಿತತಾ ತತ್ತ್ವದ ಪ್ರಕಾರ ನಿರ್ವಾತವೂ ನಿಶ್ಚಲವಲ್ಲ. ಅದರ ಸೂಕ್ಷ್ಮ ಕಂಪನಗಳನ್ನು ಉಬ್ಬುವಿಕೆ ಖಗೋಳ ಪ್ರಮಾಣಕ್ಕೆ ಹಿಗ್ಗಿಸುತ್ತದೆ. ಅವು ಸಾಂದ್ರತೆಯ ಅತ್ಯಲ್ಪ ವ್ಯತ್ಯಾಸಗಳಾಗಿ ಉಳಿದು, ಮುಂದೆ ಗುರುತ್ವದಿಂದ ಬೆಳೆಯುತ್ತವೆ. ಈ ಏರಿಳಿತಗಳ ಬಲ ಎಲ್ಲ ಅಳತೆಗಳಲ್ಲಿಯೂ ಬಹುಮಟ್ಟಿಗೆ ಸಮ, ಆದರೆ ಪೂರ್ಣ ಸಮವಲ್ಲ. ಆ 'ಪೂರ್ಣ ಸಮವಲ್ಲ' ಎಂಬುದರಲ್ಲಿಯೇ ಲೇಖನದ ಮಹತ್ತ್ವವಿದೆ.

1981ರಲ್ಲಿಯೇ ಅಮೆರಿಕದ ಅಲನ್ ಗೂಥ್ ಸ್ವತಂತ್ರವಾಗಿ ಉಬ್ಬುವಿಕೆಯ ಕಲ್ಪನೆಯನ್ನು ಮಂಡಿಸಿದ್ದರು. ನಫೀಲ್ಡ್ ಕಾರ್ಯಾಗಾರದಲ್ಲಿ ಹಾಕಿಂಗ್, ಸ್ಟಾರೊಬಿನ್‌ಸ್ಕಿ, ಗೂಥ್ ಮೊದಲಾದವರ ಗಣನೆಗಳು ತೀವ್ರ ಚರ್ಚೆಯ ಬಳಿಕ ಒಮ್ಮತಕ್ಕೆ ಬಂದವು. ಅಂದು ಕೈಯಲ್ಲಿದ್ದ ಮಾದರಿಯಾದರೋ ಏರಿಳಿತಗಳನ್ನು ಅತಿಯಾಗಿ ದೊಡ್ಡದಾಗಿಸಿತು! ಮಾದರಿ ಬಿದ್ದಿತು, ಗಣನೆಯ ವಿಧಾನ ಉಳಿಯಿತು. ಕಾರ್ಯಾಗಾರದ ನಿಜವಾದ ಕೊಡುಗೆ ಇದು, ಮೊದಲಿಗತನವಲ್ಲ.

ವೀಕ್ಷಣೆ ತಡವಾಗಿ ಬಂದಿತು. ಸುಮಾರು 2.7 ಕೆಲ್ವಿನ್ ಉಷ್ಣತೆಯ ಹಿನ್ನೆಲೆ ವಿಕಿರಣದಲ್ಲಿ ಲಕ್ಷಕ್ಕೆ ಒಂದರಷ್ಟು ವ್ಯತ್ಯಾಸವಿರುವುದನ್ನು ಕೋಬ್ ಉಪಗ್ರಹ ಕಂಡದ್ದನ್ನು 1992ರಲ್ಲಿ ಪ್ರಕಟಿಸಲಾಯಿತು. ಪೂರ್ಣ ಸಮತೆಗೆ 1 ಎಂದಿರಬೇಕಾದ ಸೂಚ್ಯಂಕವು ಪ್ಲಾಂಕ್ ಉಪಗ್ರಹದ 2018ರ ವಿಶ್ಲೇಷಣೆಯಲ್ಲಿ ಸುಮಾರು 0.965 ಎಂದು ದೊರೆಯಿತು. 2013ರ ಗ್ರೂಬರ್ ಪ್ರಶಸ್ತಿ ಮುಖಾನೊವ್ ಮತ್ತು ಸ್ಟಾರೊಬಿನ್‌ಸ್ಕಿ ಅವರಿಗೆ ಸಂದಿತ್ತು.

ಹಾಗೆಂದು ಈ ಹೊಂದಾಣಿಕೆಯನ್ನು ಉಬ್ಬುವಿಕೆಯ ಅಂತಿಮ ಪುರಾವೆಯೆಂದು ಭಾವಿಸಲಾಗದು. ಸ್ಟಾರೊಬಿನ್‌ಸ್ಕಿ 1979ರಲ್ಲಿಯೇ ಗಣಿಸಿದ್ದ ಆದಿಮ ಗುರುತ್ವ ತರಂಗಗಳ ಸುಳಿವು ದೊರಕಿತೆಂದು 2014ರಲ್ಲಿ ದಕ್ಷಿಣ ಧ್ರುವದ ಬೈಸೆಪ್2 ತಂಡ ಘೋಷಿಸಿತು. 2015ರ ಜಂಟಿ ವಿಶ್ಲೇಷಣೆಯಲ್ಲಿ ನಮ್ಮ ಗೆಲಾಕ್ಸಿಯ ಧೂಳೇ ಆ ಸಂಕೇತದ ಬಹುಭಾಗಕ್ಕೆ ಕಾರಣವಿರಬಹುದೆಂದು ತಿಳಿದು ಆ ಘೋಷಣೆ ನಿಲ್ಲಲಿಲ್ಲ. ಆ ತರಂಗಗಳು ಇನ್ನೂ ಪತ್ತೆಯಾಗಿಲ್ಲ.